ಎಡಗಡೆಯ ತಾರೀಖು

ಭೋಸರಿಯ ಗೇರ್ ಕಾರ್ಖಾನೆ, ಶನಿವಾರ ರಾತ್ರಿ.
ಅರವತ್ತೆರಡು ಕಂಪ್ಯೂಟರು, ಒಂದೇ ಸರ್ವರು.
ಗುಂಡಿ ಒತ್ತಿದ್ದು ಒಂಬತ್ತೂವರೆಗೆ.
ಪಂಕ್ತಿಯಲ್ಲಿ ಎಲೆ ಹಾಕಿದ ಹಾಗೆ ಒಂದೊಂದಕ್ಕೂ
ಮೊದಲು ಒರೆಸು, ಆಮೇಲೆ ಬಡಿಸು:
ಹಳೆಯ ವಿಂಡೋಸ್ ಅಳಿಸಿ, ಹೊಸದನ್ನು ಇಳಿಸಿ,
ಡ್ರೈವರು, ಪ್ರಿಂಟರು, ಟ್ಯಾಲಿ,
ಕೊನೆಗೆ ಕಂಪನಿಯ ಹೆಸರಿರುವ ನೀಲಿ ಪರದೆ.
ಯಾರೂ ಏನನ್ನೂ ಮುಟ್ಟಬೇಕಾಗಿಲ್ಲ,
ಹಾಗಂತ ಕಾಗದದಲ್ಲಿದೆ.

ಹನ್ನೊಂದಕ್ಕೆ ಅರವತ್ತೊಂದು ಉಂಡು ಎದ್ದವು.

ಉಳಿದದ್ದು ಡಿಸ್ಪ್ಯಾಚಿನ ಕುಸುಮ್ ಪವಳೆ ಬಾಯಿಯದು.
ಎಂಟರ್ ಕೀಲಿಯ ಮೇಲೆ ಅರಿಸಿನದ ಕಲೆ,
ಪರದೆಯ ಅಂಚಿಗೆ ಲಾರಿ ನಂಬರುಗಳ ಚೀಟಿ.
ಶುಕ್ರವಾರ ಕೇಳಿದ್ದರು ಮೂರು ಸಲ:
"ನನ್ನದೆಲ್ಲ ಹೋಗುತ್ತದಾ?"
"ಏನೂ ಹೋಗಲ್ಲ, ತೆಗೆದಿಟ್ಟಿದ್ದೇನೆ,"
ಅಂದಿದ್ದೆ ಮೂರು ಸಲವೂ,
ಮೂರನೆಯ ಸಲ ಅವರ ಮುಖ ನೋಡದೆ.

ಅಳಿಸುವುದೇನೋ ಅಳಿಸಿದೆ. ಇಳಿಸುವ ಹೊತ್ತಿಗೆ ನಿಲ್ಲುತ್ತದೆ:
ಸೊನ್ನೆ ಎಕ್ಸ್ ಎಂಟು ಸೊನ್ನೆ ಸೊನ್ನೆ ಏಳು
ಎರಡು ಎಫ್ ಎಂಟು ಎಫ್.

ಕೇಬಲ್ ಬದಲಿಸಿದೆ. ಅದೇ.
ಗೋಡೆಯ ಇನ್ನೊಂದು ತೂತಿಗೆ ಚುಚ್ಚಿದೆ. ಅದೇ.
ಒಮ್ಮೆ ಫ್ಯಾನ್ ಆರಿಸಿದಾಗ ಎರಡು ಸೆಕೆಂಡು ಹೆಚ್ಚು ಓಡಿತು.
ಕಾಗೆ ಕೂತಿತು, ಕೊಂಬೆ ಮುರಿಯಿತು;
ನಾನು ಮೇ ತಿಂಗಳ ಸೆಕೆಯಲ್ಲಿ, ಫ್ಯಾನಿಲ್ಲದೆ,
ಅರ್ಧ ಗಂಟೆ ಕಾಗೆಯ ಜಾತಕ ಬರೆಯುತ್ತಾ ಕೂತೆ.

ಅತ್ತಾರನಿಗೆ ಫೋನು. ನಿದ್ದೆಗಣ್ಣಲ್ಲೇ ಅಂದ:
"ನೆಟ್‌ವರ್ಕ್ ಡ್ರೈವರ್ ಇರಬೇಕು."
ಅವನಿಗೆ ಹೊಟ್ಟೆನೋವು ಬಂದರೂ ಡ್ರೈವರೇ.

ಲಾಗ್ ತೆರೆದೆ. ನಾಲ್ಕು ಸಾವಿರ ಸಾಲು.
ಕೆಂಪು ಸಾಲು ಹುಡುಕಿ, ಕೆಂಪು ಸಾಲು ಓದಿ,
ಬಾಯಿಪಾಠ ಆಗುವಷ್ಟು ಓದಿ:
ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ.
ಬಂದಿಲ್ಲ ಅಂದರೆ? ಹೋದ ವರ್ಷವೇ ನಾನೇ ಮಾಡಿಸಿದ್ದಲ್ಲ!

ಆಗ ವಾಚ್‌ಮನ್ ದಗಡು ಕಾಂಬಳೆ ಬಂದು
ರೌಂಡಿನ ರಿಜಿಸ್ಟರು ಮುಂದೆ ಹಿಡಿದ:
"ಸಹಿ ಹಾಕಿ ಮ್ಯಾಡಮ್. ತಾರೀಖು ನೋಡಿ ಹಾಕಿ,
ಹನ್ನೆರಡು ದಾಟಿ ಭಾನುವಾರ ಆಗಿದೆ."

ಹಾಕುತ್ತಾ ಕಣ್ಣು ಪರದೆಯ ಎಡಕ್ಕೆ ಹೋಯಿತು.
ನಾಲ್ಕು ಸಾವಿರ ಸಾಲಿಗೂ ಅಲ್ಲಿ ಒಂದೇ ದಿನ:
ಜನವರಿ ಒಂದು, ಎರಡು ಸಾವಿರದ ಹನ್ನೆರಡು.

ಇಷ್ಟು ಹೊತ್ತೂ ತಪ್ಪನ್ನೇ ಓದುತ್ತಿದ್ದೆ,
ಯಾವತ್ತಿನ ತಪ್ಪು ಅಂತ ಕೇಳಿರಲಿಲ್ಲ.

ಆವತ್ತು ಅಕ್ಕಲಕೋಟೆಯಲ್ಲಿ ನಾನು ಎಂಟನೇ ಕ್ಲಾಸು.
ಶಾಲೆಗೆ ಬಂದ ಒಂದೇ ಕಂಪ್ಯೂಟರಿನ ಕೋಣೆಗೆ
ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಿದ್ದೆವು.
ಮನೆಯಲ್ಲಿ ಕನ್ನಡ, ಕ್ಲಾಸಿನಲ್ಲಿ ಮರಾಠಿ,
ಅದರೊಳಗ ಯಾವ ಮಾತು, ಅಂತ ಅವ್ವ ಕೇಳಿದ್ದಳು.
"ಮುಟ್ಟಾಕ ಬಿಡವಲ್ರವ್ವಾ, ಹೆಂಗ ಹೇಳ್ಲಿ?"

ಡಬ್ಬಿ ಬಿಚ್ಚಿದೆ. ಧೂಳು, ಒಣಗಿದ ಹಲ್ಲಿಮರಿ,
ಹಳೇ ನಾಲ್ಕಾಣೆಯಷ್ಟಗಲದ ಸೆಲ್ಲು,
ಜೀವ ಬಿಟ್ಟು ಎಷ್ಟು ಕಾಲವೋ.
ಕರೆಂಟು ಹೋದಾಗೆಲ್ಲ ಈ ಯಂತ್ರ
ಹುಟ್ಟಿದ ದಿನಕ್ಕೆ ವಾಪಸಾಗುತ್ತಿತ್ತು;
ಬೆಳಿಗ್ಗೆ ಹಳೆಯ ವಿಂಡೋಸ್, ಸರ್ವರನ್ನು ಕೇಳಿಕೊಂಡು,
ಸದ್ದಿಲ್ಲದೆ ತಿದ್ದಿ ಕೆಲಸಕ್ಕೆ ಕೂರಿಸುತ್ತಿತ್ತು.
ನಾನು ಮೊದಲು ಅಳಿಸಿದ್ದು ಅದನ್ನೇ.

ಕೈಯಿಂದಲೂ ತಿದ್ದಬಹುದು,
ಭೋಸರಿಯ ಕರೆಂಟನ್ನು ನಂಬುವುದಾದರೆ.
ಈ ಅಪರಾತ್ರಿ ಸೆಲ್ಲು ಮಾರುವ ಅಂಗಡಿ ಯಾವುದು?
ದಗಡು ಪಾರ್ಸೆಲ್ ತೂಗುವ ಪುಟ್ಟ ತಕ್ಕಡಿಯನ್ನು ಬೋರಲು ಹಾಕಿ
ಉಗುರಿನಿಂದ ಮುಚ್ಚಳ ಎಬ್ಬಿಸಿದ:
"ಇದು ಆಗುತ್ತದಾ?"

ಆಯಿತು. ಶೇಕಡಾ ಹದಿನಾಲ್ಕು. ನಲವತ್ತು.
ಎಪ್ಪತ್ತೊಂದರಲ್ಲಿ ಸ್ವಲ್ಪ ಹೊತ್ತು ನಿಂತು ನನ್ನ ಎದೆ ಹಿಂಡಿ,
ಮತ್ತೆ ಹೊರಟಿತು.

ಮರಾಠಿಯಲ್ಲಿ ಚೀಟಿ ಬರೆದು ತಕ್ಕಡಿಗೆ ಅಂಟಿಸಿದೆ:
"ಪವಳೆ ಬಾಯಿ, ನಿಮ್ಮದೇನೂ ಹೋಗಿಲ್ಲ,
ಇದರ ಸೆಲ್ಲೊಂದು ಬಿಟ್ಟು. ಸೋಮವಾರ ತರುತ್ತೇನೆ.
ಅಲ್ಲಿಯತನಕ ಕೈಯಲ್ಲೆತ್ತಿ ಅಂದಾಜು ಮಾಡಿ."

ದಗಡು ಟಾರ್ಚು ಬಿಟ್ಟು ನಿಧಾನ ಓದಿದ.
"ತಾರೀಖು ಹಾಕಿಲ್ಲ," ಅಂದ.